ಜಪಾನಿನ ಕಡಲೂರಿನ ಪುಟ್ಟ ಶಿಂಟೋ ಗುಡಿಗೆ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ: ಓಸಾತ್ಸುವಿನ ಇಶಿಗಾಮಿ-ಸಾನ್ ಉದಾಹರಣೆಯೊಂದಿಗೆ

ಶಿಂಟೋ ಎಂದರೆ ಜಪಾನಿನ ಮೂಲ ಧರ್ಮ. ಕ್ಯೋಟೋ, ಟೋಕಿಯೊಗಳ ದೊಡ್ಡ ಶಿಂಟೋ ದೇವಾಲಯಗಳಲ್ಲಿ ತಪ್ಪು ಮಾಡುವುದು ಕಷ್ಟ. ಹೆಜ್ಜೆಗೊಂದು ಫಲಕವಿರುತ್ತದೆ, ಮುಂದಿನವರು ಮಾಡಿದ್ದನ್ನು ನೋಡಿ ನಾವೂ ಮಾಡಿದರೆ ಸಾಕು. ಎಡವಟ್ಟಾಗುವುದು ಕಡಲ ಬದಿಯ ಸಣ್ಣ ಊರಿನ ಗುಡಿಗಳಲ್ಲಿ. ಜಪಾನಿನಲ್ಲಿ ಸುಮಾರು 80,000 ಶಿಂಟೋ ಗುಡಿಗಳಿವೆ, ಅರ್ಚಕರಿರುವುದು ಸುಮಾರು 20,000 ಮಾತ್ರ. ಹಾಗಾಗಿ ಮೀನುಗಾರರ ಊರಿನ ಗುಡಿಯಲ್ಲಿ ನಿಮಗೆ ಹೇಳಿಕೊಡುವವರೂ ಇರುವುದಿಲ್ಲ, ತಡೆಯುವವರೂ ಇರುವುದಿಲ್ಲ. ಊರಿನವರು ನೋಡಿದರೂ ಸಂಕೋಚದಿಂದ ಸುಮ್ಮನಿರುತ್ತಾರೆ. ಅವರು ಏನೂ ಹೇಳಲಿಲ್ಲ ಎಂದರೆ ನಾವು ಮಾಡಿದ್ದು ಸರಿಯೆಂದು ಅರ್ಥವಲ್ಲ.

ನಮ್ಮವರು ಎಡವುವುದು ಹೆಚ್ಚಾಗಿ ಭಕ್ತಿಯ ಕೊರತೆಯಿಂದಲ್ಲ, ಊರ ದೇವಸ್ಥಾನದ ರೂಢಿಯನ್ನು ಹಾಗೆಯೇ ಅಲ್ಲಿಗೆ ಒಯ್ಯುವುದರಿಂದ. ಗುಡಿಯ ಹೆಬ್ಬಾಗಿಲಾದ ಟೋರಿ ಕಮಾನಿನ ಕೆಳಗೆ ಚಪ್ಪಲಿ ಬಿಡುವುದು, ಕಲ್ಲಿಗೆ ಕುಂಕುಮ ಹಚ್ಚುವುದು, ತೊಟ್ಟಿಯ ನೀರನ್ನು ತೀರ್ಥವೆಂದು ಕುಡಿಯುವುದು ಹೀಗೆ ನಡೆಯುತ್ತವೆ. ಇನ್ನೊಂದು ತಪ್ಪು ಕ್ರಮದ್ದು. ಒಳಹೊಕ್ಕ ಕೂಡಲೇ ಮೊಬೈಲ್ ತೆಗೆದು, ತಾಯಿತ ಕೊಂಡು, ಕೊನೆಗೆ ನೆನಪಾದರೆ ಕೈಮುಗಿಯುತ್ತಾರೆ. ಈ ಬರಹದಲ್ಲಿ ನಾನು ಒತ್ತಿ ಹೇಳುವುದು ಕ್ರಮವನ್ನೇ. ಕ್ರಮ ತಪ್ಪದಿದ್ದರೆ ಸಣ್ಣಪುಟ್ಟ ಲೋಪಗಳನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ.

ಉದಾಹರಣೆಗೆ ಮಿಯೆ ಪ್ರಾಂತದ ಟೋಬಾ ನಗರಕ್ಕೆ ಸೇರಿದ ಓಸಾತ್ಸು ಎಂಬ ಊರನ್ನು ತೆಗೆದುಕೊಂಡಿದ್ದೇನೆ. ಉಸಿರು ಬಿಗಿಹಿಡಿದು ಸಮುದ್ರದಲ್ಲಿ ಮುಳುಗಿ ಅವಾಬಿ (ಒಂದು ಬಗೆಯ ಚಿಪ್ಪುಮೀನು), ಶಂಖ, ಕಡಲಪಾಚಿ ತರುವ ಹೆಂಗಸರಿಗೆ ‘ಅಮಾ’ ಎನ್ನುತ್ತಾರೆ. ಅವರು ದೊಡ್ಡ ಸಂಖ್ಯೆಯಲ್ಲಿ ಉಳಿದಿರುವ ಊರು ಇದು. ಇಲ್ಲಿನ ಶಿನ್ಮೆಯಿ ಗುಡಿಯ ಆವರಣದಲ್ಲಿ ಇಶಿಗಾಮಿ-ಸಾನ್ ಎಂಬ ಚಿಕ್ಕ ಸನ್ನಿಧಿಯಿದೆ. ಹೆಂಗಸರ ಒಂದು ಕೋರಿಕೆಯನ್ನು ದೇವಿ ನಡೆಸಿಕೊಡುತ್ತಾಳೆ ಎಂಬ ನಂಬಿಕೆ ಅಲ್ಲಿಯದು.

## ಜೇಬಿನಲ್ಲಿ ಏನಿರಬೇಕು

ಚಿಲ್ಲರೆ ನಾಣ್ಯ, ಒಂದು ಕರವಸ್ತ್ರ, ಒಂದು ಪೆನ್ನು, ಹಿಡಿತ ಚೆನ್ನಾಗಿರುವ ಶೂ ಇವಿಷ್ಟೂ ಕಡ್ಡಾಯ. ಕೈ ತೊಳೆದ ಮೇಲೆ ಒರೆಸಿಕೊಳ್ಳಲು ಅಲ್ಲಿ ಕಾಗದವಾಗಲಿ ಯಂತ್ರವಾಗಲಿ ಇರುವುದಿಲ್ಲ, ಕರವಸ್ತ್ರವನ್ನು ಮರೆಯಬೇಡಿ. ಕಸದ ಬುಟ್ಟಿಯೂ ಸಿಗುವುದಿಲ್ಲವಾದ್ದರಿಂದ ಒಂದು ಖಾಲಿ ಚೀಲ ಇಟ್ಟುಕೊಳ್ಳಿ.

ನಾಣ್ಯದ ವಿಷಯದಲ್ಲಿ ಒಂದು ಮಾತು. ಐದು ಯೆನ್ ನಾಣ್ಯ ಶುಭವೆಂದು ಎಲ್ಲರೂ ಹೇಳುತ್ತಾರೆ, ಹಾಕಿ. ಆದರೆ ಮನೆಯಲ್ಲಿ ಗುಡ್ಡೆಬಿದ್ದ ಒಂದು ಯೆನ್ ನಾಣ್ಯಗಳನ್ನೆಲ್ಲ ತಂದು ಸುರಿಯಬೇಡಿ. 2022ರ ಜನವರಿಯಿಂದ ಜಪಾನಿನ ಅಂಚೆ ಬ್ಯಾಂಕು ರಾಶಿ ನಾಣ್ಯ ಜಮೆ ಮಾಡುವವರಿಂದ ಶುಲ್ಕ ಪಡೆಯುತ್ತಿದೆ. ಆದಾಯವಿಲ್ಲದ ಗುಡಿಗಳಿಗೆ ಇದು ಹೊರೆ. ಚಿಕ್ಕ ಗುಡಿಗೆ 50 ಅಥವಾ 100 ಯೆನ್ ನಾಣ್ಯ ಹಾಕುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ರೂಪಾಯಿ ನಾಣ್ಯವಂತೂ ಬೇಡವೇ ಬೇಡ, ಅದನ್ನು ಅವರಿಗೆ ಯಾವ ಬ್ಯಾಂಕೂ ಬದಲಿಸಿಕೊಡುವುದಿಲ್ಲ.

ತೆಂಗಿನಕಾಯಿ, ಹೂಮಾಲೆ, ಊದುಬತ್ತಿ, ಕರ್ಪೂರ, ಕುಂಕುಮ ಮನೆಯಲ್ಲೇ ಇರಲಿ. ಊದುಬತ್ತಿ ಹಚ್ಚುವುದು ಬೌದ್ಧ ದೇವಾಲಯದ ಪದ್ಧತಿ. ತಿನ್ನುವ ಪದಾರ್ಥ ಇಟ್ಟು ಬಂದರೆ ಕಾಗೆಗಳು ಎಳೆದಾಡುತ್ತವೆ, ಮರುದಿನ ಗುಡಿಸಬೇಕಾದವರು ಊರಿನ ವಯಸ್ಸಾದವರು.

## 1. ದಿನ ಮತ್ತು ಹೊತ್ತು ಆರಿಸುವುದು

ಬೆಳಗ್ಗೆ ಹೋಗಿ. ಗುಡಿಯ ಆವರಣ ಸಾಮಾನ್ಯವಾಗಿ ತೆರೆದೇ ಇರುತ್ತದೆ, ಆದರೆ ತಾಯಿತ ಕೊಡುವ ಕಿಟಕಿ ಸಂಜೆಗೆ ಮುಂಚೆಯೇ ಮುಚ್ಚುತ್ತದೆ. ಕತ್ತಲಾದ ಮೇಲೆ ಕಡಲೂರಿನ ಓಣಿಯಲ್ಲಿ ಅಪರಿಚಿತರು ಓಡಾಡುವುದನ್ನು ಯಾರೂ ಇಷ್ಟಪಡುವುದಿಲ್ಲ. ಚಂಡಮಾರುತದ ಮುನ್ಸೂಚನೆಯಿದ್ದರೆ ಪ್ರಯಾಣವನ್ನೇ ಮುಂದೂಡಿ. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಇದನ್ನು ಹಿಂದಿನ ರಾತ್ರಿಯೇ ನೋಡಿಕೊಳ್ಳಬೇಕು.

ನಿಮ್ಮ ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ ಸ್ವಲ್ಪ ಯೋಚಿಸಿ. ಸೂತಕ ಎಂದರೇನೆಂದು ನಮಗೆ ಬಿಡಿಸಿ ಹೇಳಬೇಕಿಲ್ಲ. ಶಿಂಟೋದಲ್ಲೂ ಹತ್ತಿರದ ಬಂಧು ತೀರಿಕೊಂಡವರು ಸಾಮಾನ್ಯವಾಗಿ 50 ದಿನ ಟೋರಿ ದಾಟುವುದಿಲ್ಲ. ನಿಮ್ಮನ್ನು ಯಾರೂ ಕೇಳುವುದಿಲ್ಲ, ಆದರೂ ತಿಳಿದು ಪಾಲಿಸುವುದು ಆ ಊರಿಗೆ ಕೊಡುವ ಗೌರವ.

## 2. ಊರು ತಲುಪುವುದು

ನಗೋಯಾದಿಂದ ಟೋಬಾಗೆ ಕಿಂಟೆತ್ಸು ಕಂಪನಿಯ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆ ಮುಕ್ಕಾಲು. ಒಸಾಕಾದ ನಂಬಾ ನಿಲ್ದಾಣದಿಂದ ಎರಡು ಗಂಟೆಗಿಂತ ತುಸು ಹೆಚ್ಚು ಹಿಡಿಯಬಹುದು. ಟೋಬಾ ನಿಲ್ದಾಣದ ಮುಂದೆ ಕಮೋಮೆ ಬಸ್ ಹತ್ತಿದರೆ ಸುಮಾರು 40 ನಿಮಿಷದಲ್ಲಿ ಓಸಾತ್ಸು.

ಹೆಚ್ಚಿನವರು ಎಡವುವುದು ಬಸ್ಸಿನಲ್ಲಿ. ಬಸ್ಸುಗಳ ನಡುವೆ ಬಹಳ ಅಂತರವಿರುತ್ತದೆ. ಇಳಿದ ತಕ್ಷಣ, ಗುಡಿಯ ಕಡೆ ಹೆಜ್ಜೆ ಹಾಕುವ ಮೊದಲು, ಹಿಂದಿರುಗುವ ಬಸ್ಸಿನ ವೇಳಾಪಟ್ಟಿಯ ಫೋಟೊ ತೆಗೆದುಕೊಳ್ಳಿ. ಭಾನುವಾರ ಮತ್ತು ರಜಾದಿನಗಳಿಗೆ ಬೇರೆ ಕಾಲಂ ಇರುತ್ತದೆ, ತಪ್ಪು ಕಾಲಂ ಓದಿ ಕಾದವರು ಹಲವರು. ಹಳ್ಳಿ ಬಸ್ಸುಗಳಲ್ಲಿ ಹತ್ತುವಾಗ ಸಂಖ್ಯೆಯಿರುವ ಚೀಟಿ ಹರಿದುಕೊಂಡು, ಇಳಿಯುವಾಗ ಮುಂದಿನ ಪರದೆಯಲ್ಲಿ ಆ ಸಂಖ್ಯೆಯ ಕೆಳಗೆ ಕಾಣುವ ದರವನ್ನು ಪೆಟ್ಟಿಗೆಗೆ ಹಾಕುವುದು ರೂಢಿ. ಚಾಲಕರ ಪಕ್ಕದ ಯಂತ್ರ 1,000 ಯೆನ್ ನೋಟಿಗೆ ಚಿಲ್ಲರೆ ಕೊಡುತ್ತದೆ, 10,000ದ ನೋಟಿಗೆ ಕೊಡುವುದಿಲ್ಲ.

ಕಾರಿನಲ್ಲಿ ಹೋಗುವವರು ಗುರುತಿಸಿದ ಜಾಗದಲ್ಲೇ ನಿಲ್ಲಿಸಬೇಕು. ಖಾಲಿಯಾಗಿ ಕಾಣುವ ಬಂದರಿನ ಕಾಂಕ್ರೀಟ್ ಜಗಲಿ ದೋಣಿಯಿಂದ ಮೀನು ಇಳಿಸುವ ಜಾಗ, ವಾಹನ ನಿಲ್ಲಿಸುವ ಜಾಗವಲ್ಲ.

## 3. ಟೋರಿಯ ತನಕ ಊರೊಳಗಿನ ನಡಿಗೆ

ಗುಡಿಗೆ ಹೋಗುವ ದಾರಿ ಜನರ ಮನೆ ಬಾಗಿಲುಗಳ ನಡುವೆಯೇ ಸಾಗುತ್ತದೆ. ಟೋಬಾ ಸೇರಿರುವ ಈ ಈಸೆ-ಶಿಮಾ ಪ್ರದೇಶದಲ್ಲಿ ಮನೆಗಳ ಬಾಗಿಲ ಮೇಲೆ ಮರದ ಫಲಕವಿರುವ ಹುಲ್ಲಿನ ಹಗ್ಗವನ್ನು ವರ್ಷವಿಡೀ ಕಟ್ಟಿರುತ್ತಾರೆ. ಜಪಾನಿನ ಉಳಿದ ಕಡೆ ಇದನ್ನು ಹೊಸವರ್ಷ ಕಳೆದ ಮೇಲೆ ತೆಗೆದುಬಿಡುತ್ತಾರೆ. ಹಗ್ಗ ಕಂಡಿತೆಂದು ಗುಡಿಯೆಂದು ತಿಳಿದು ಒಳಗೆ ಇಣುಕಬೇಡಿ, ಅದು ಯಾರದೋ ಮನೆ.

ಒಣಗಲು ಹಾಕಿದ ಪಾಚಿ, ಬಲೆ, ಹಗ್ಗ, ತೇಲುಬುರುಡೆ ಯಾವುದನ್ನೂ ಮುಟ್ಟಬೇಡಿ, ದಾಟಬೇಡಿ. ಅಮಾ ಹೆಂಗಸರ ಫೋಟೊ ತೆಗೆಯುವ ಮುನ್ನ ಕೇಳಿ. ಒದ್ದೆ ಬಟ್ಟೆಯಲ್ಲಿ ದಡಕ್ಕೆ ಬಂದವರತ್ತ ಕ್ಯಾಮೆರಾ ಎತ್ತುವುದು ಅವಮಾನವೇ ಸರಿ. ಅವರನ್ನು ಮಾತನಾಡಿಸಬೇಕೆಂದಿದ್ದರೆ ಪ್ರವಾಸಿಗರಿಗೆಂದೇ ನಡೆಸುವ ಅಮಾ ಗುಡಿಸಲುಗಳಿವೆ, ಮುಂಚಿತವಾಗಿ ಕಾಯ್ದಿರಿಸಿ ಹೋಗಬಹುದು. ಅಲ್ಲಿ ಬಡಿಸುವುದು ಕೆಂಡದ ಮೇಲೆ ಸುಟ್ಟ ಚಿಪ್ಪುಮೀನು, ಸಸ್ಯಾಹಾರಿಗಳು ಮೊದಲೇ ವಿಚಾರಿಸಿಕೊಳ್ಳಿ.

ದಡದಲ್ಲಿ ಸಿಕ್ಕ ಜೀವಂತ ಚಿಪ್ಪನ್ನು ನೆನಪಿಗೆಂದು ಎತ್ತಿಕೊಳ್ಳುವುದು ಅತಿ ದುಬಾರಿ ತಪ್ಪು. 2020ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಮೀನುಗಾರಿಕೆ ಕಾನೂನಿನ ತಿದ್ದುಪಡಿಯಂತೆ ಅವಾಬಿ ಅಥವಾ ಸಮುದ್ರಸೌತೆ ಎಂಬ ಕಡಲಜೀವಿಯನ್ನು ಅಕ್ರಮವಾಗಿ ಹಿಡಿದರೆ ಮೂರು ವರ್ಷದವರೆಗೆ ಸೆರೆ ಅಥವಾ 3 ಕೋಟಿ ಯೆನ್‌ವರೆಗೆ ದಂಡ. ಶಂಖ, ಪಾಚಿಗಳ ಮೇಲೂ ಊರಿನ ಮೀನುಗಾರರ ಹಕ್ಕಿರುತ್ತದೆ. ‘ಗೊತ್ತಿರಲಿಲ್ಲ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ತಿನ್ನುತ್ತಾ ನಡೆಯಬೇಡಿ. ಕಡಲೂರುಗಳ ಹದ್ದುಗಳು ಬೆನ್ನ ಹಿಂದಿನಿಂದ ಎರಗಿ ಕೈಯಲ್ಲಿರುವುದನ್ನು ಕಿತ್ತುಕೊಂಡು ಹೋಗುತ್ತವೆ. ಚಿಕ್ಕ ಮಕ್ಕಳ ಕೈಗೆ ಉಗುರು ತಾಗಿದರೆ ಗಾಯ ಆಳವಾಗುತ್ತದೆ.

## 4. ಟೋರಿ ದಾಟುವುದು

ಮೊದಲು ಇದು ಶಿಂಟೋ ಗುಡಿಯೇ ಎಂದು ಖಚಿತಪಡಿಸಿಕೊಳ್ಳಿ. ಎದುರಿಗೆ ಎರಡು ಕಂಬ, ಮೇಲೆ ಅಡ್ಡತೊಲೆಯ ಟೋರಿ ಇದ್ದರೆ ಶಿಂಟೋ. ಸ್ಮಶಾನ, ಬುದ್ಧನ ಮೂರ್ತಿ, ಧೂಪದ ಬೂದಿಯ ಪಾತ್ರೆ ಕಂಡರೆ ಬಹುಮಟ್ಟಿಗೆ ಬೌದ್ಧ ದೇವಾಲಯ, ಅಲ್ಲಿ ಚಪ್ಪಾಳೆ ತಟ್ಟಬಾರದು.

ಟೋಪಿ, ಕಪ್ಪು ಕನ್ನಡಕ ತೆಗೆದು, ಟೋರಿಯ ಮುಂದೆ ನಿಂತು, ಸೊಂಟದಿಂದ ಸ್ವಲ್ಪ ಬಾಗಿ ಒಳಗೆ ಹೋಗಿ. ಚಪ್ಪಲಿ ಬಿಡಬೇಕಾಗಿಲ್ಲ. ಮರದ ನೆಲವಿರುವ ಮಂಟಪದೊಳಗೆ ಕರೆದರೆ ಮಾತ್ರ ಬಿಡಬೇಕು. ದಾರಿಯ ನಟ್ಟನಡುವೆ ನಡೆಯದೆ ಒಂದು ಬದಿಗೆ ಸರಿದು ನಡೆಯಿರಿ, ನಡುದಾರಿ ದೇವರಿಗೆ ಮೀಸಲು.

## 5. ಕೈ ಬಾಯಿ ತೊಳೆಯುವುದು

ಹೆಚ್ಚಿನವರಿಗೆ ಅರ್ಧ ಮಾತ್ರ ಗೊತ್ತಿರುವ ಹಂತ ಇದು. ಕಲ್ಲಿನ ತೊಟ್ಟಿಯ ಮೇಲೆ ಉದ್ದ ಹಿಡಿಯ ಸೌಟುಗಳಿರುತ್ತವೆ. ಒಂದೇ ಸೌಟಿನ ನೀರಿನಲ್ಲಿ ಇಡೀ ಕೆಲಸ ಮುಗಿಯಬೇಕು. ಮೊದಲ ಬಾರಿಗೆ ತುಂಬ ತುಂಬಿಕೊಂಡು, ಪ್ರತಿ ಸಲ ಸ್ವಲ್ಪ ಸ್ವಲ್ಪವೇ ಸುರಿದುಕೊಳ್ಳಿ.

ಬಲಗೈಯಲ್ಲಿ ಸೌಟು ಹಿಡಿದು ಎಡಗೈ ತೊಳೆಯಿರಿ. ಸೌಟನ್ನು ಎಡಗೈಗೆ ಬದಲಿಸಿ ಬಲಗೈ ತೊಳೆಯಿರಿ. ಮತ್ತೆ ಬಲಗೈಗೆ ತೆಗೆದುಕೊಂಡು, ಎಡ ಬೊಗಸೆಗೆ ನೀರು ಸುರಿದು, ಆ ನೀರಿನಿಂದ ಬಾಯಿ ಮುಕ್ಕಳಿಸಿ. ಬಾಯಿಗೆ ತಾಗಿದ ಎಡಗೈಯನ್ನು ಇನ್ನೊಮ್ಮೆ ತೊಳೆಯಿರಿ. ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿ ಹಿಡಿದರೆ ಉಳಿದ ನೀರು ಹಿಡಿಯ ಮೇಲೆ ಹರಿದು ನೀವು ಹಿಡಿದ ಜಾಗವನ್ನು ತೊಳೆಯುತ್ತದೆ. ಸೌಟನ್ನು ಬೋರಲಾಗಿ ಇಟ್ಟುಬಿಡಿ.

ಸೌಟಿಗೆ ಬಾಯಿ ಹಚ್ಚಬಾರದು. ನಮಗೆ ಎಂಜಲಿನ ಲೆಕ್ಕ ಗೊತ್ತಿರುವುದರಿಂದ ಇದು ಸುಲಭವಾಗಿ ಅರ್ಥವಾಗಬೇಕು. ತೊಳೆದ ನೀರು, ಮುಕ್ಕಳಿಸಿದ ನೀರು ತೊಟ್ಟಿಯೊಳಗೆ ಬೀಳಬಾರದು, ಮುಂಭಾಗದ ಕಲ್ಲುಗಳ ಮೇಲೆ ಬೀಳಬೇಕು. ನೀರನ್ನು ನುಂಗಬೇಡಿ, ತಲೆಗೆ ಪ್ರೋಕ್ಷಿಸಿಕೊಳ್ಳಬೇಡಿ, ಬಾಟಲಿಗೆ ತುಂಬಿಕೊಳ್ಳಬೇಡಿ. ತೊಟ್ಟಿಯಲ್ಲಿ ನಾಣ್ಯ ಹಾಕಬೇಡಿ.

2020ರ ನಂತರ ಹಲವು ಕಡೆ ಸೌಟುಗಳನ್ನು ತೆಗೆದು ಬಿದಿರಿನ ಕೊಳವೆಯಿಂದ ನೀರು ಹರಿಯಬಿಟ್ಟಿದ್ದಾರೆ. ಆಗ ಹರಿಯುವ ನೀರಿಗೇ ಎಡಗೈ, ಬಲಗೈ ಒಡ್ಡಿದರಾಯಿತು, ಬಾಯಿ ಮುಕ್ಕಳಿಸುವುದನ್ನು ಬಿಡಬಹುದು. ಪುಟ್ಟ ಗುಡಿಗಳಲ್ಲಿ ತೊಟ್ಟಿ ಒಣಗಿರುವುದೂ ಉಂಟು. ನಿಂತ ನೀರಿನಲ್ಲಿ ಎಲೆ ಕೊಳೆತಿದ್ದರೆ, ಪಾಚಿ ಕಟ್ಟಿದ್ದರೆ ಮುಟ್ಟದೆ ಮುಂದೆ ಹೋಗಿ. ಅದರಿಂದ ದೋಷವೇನೂ ಇಲ್ಲ.

## 6. ಕೋರಿಕೆಯ ಚೀಟಿ

ಈ ಹಂತ ಎಲ್ಲ ಗುಡಿಗಳಲ್ಲೂ ಇಲ್ಲ, ಇಶಿಗಾಮಿ-ಸಾನ್‌ನಲ್ಲಿ ಇದೆ. ಅಲ್ಲಿಟ್ಟಿರುವ ನಸುಗೆಂಪು ಕಾಗದದ ಮೇಲೆ ಒಂದೇ ಒಂದು ಕೋರಿಕೆ ಬರೆದು ಪೆಟ್ಟಿಗೆಗೆ ಹಾಕಿ, ಆಮೇಲೆ ಕೈಮುಗಿಯಬೇಕು. ಅನೇಕರು ತಪ್ಪುವುದು ಆ ‘ಒಂದೇ’ ಎಂಬಲ್ಲಿ. ಮಗನ ಓದು, ಗಂಡನ ಕೆಲಸ, ಅತ್ತೆಯ ಮಂಡಿನೋವು ಎಲ್ಲವನ್ನೂ ಒಂದೇ ಚೀಟಿಯಲ್ಲಿ ತುರುಕುತ್ತಾರೆ, ಇಲ್ಲವೇ ಮೂರು ಚೀಟಿ ಬರೆಯುತ್ತಾರೆ. ಬಸ್ಸಿನಲ್ಲಿ 40 ನಿಮಿಷವಿದೆ, ಒಂದನ್ನು ಆರಿಸಿಕೊಳ್ಳಲು ಅಷ್ಟು ಸಾಕು. ಕನ್ನಡದಲ್ಲೇ ಬರೆಯಿರಿ. ಯಾರೋ ಓದಲೆಂದು ಬರೆಯುವ ಅರ್ಜಿಯಲ್ಲ ಅದು.

ಜೊತೆಗೆ ಹೋದ ಗಂಡಸರು ಹೊರಗೆ ಕಾಯಬೇಕಾಗಿಲ್ಲ. ಶಿನ್ಮೆಯಿ ಗುಡಿಯ ಮುಖ್ಯ ದೇವತೆ ಸೂರ್ಯದೇವಿ ಅಮತೆರಾಸು, ಅಲ್ಲಿ ಎಲ್ಲರೂ ಕೈಮುಗಿಯಬಹುದು. ಇಶಿಗಾಮಿ-ಸಾನ್ ಒಂದನ್ನೇ ನೋಡಿ ಮುಖ್ಯ ಗುಡಿಗೆ ಬೆನ್ನು ಹಾಕಿ ಬರುವವರೂ ಇದ್ದಾರೆ. ಹಾಗೆ ಮಾಡಬೇಡಿ.

## 7. ಕಾಣಿಕೆ, ಗಂಟೆ, ನಮಸ್ಕಾರ

ಕಾಣಿಕೆ ಪೆಟ್ಟಿಗೆಯ ಮುಂದೆ ಸರದಿಯಲ್ಲಿ ನಿಲ್ಲಿ. ನಾಣ್ಯವನ್ನು ದೂರದಿಂದ ಎಸೆಯದೆ, ಹತ್ತಿರ ಹೋಗಿ ಮೆಲ್ಲಗೆ ಜಾರಿಸಿ. ಹಗ್ಗ ಕಟ್ಟಿದ ಗಂಟೆಯಿದ್ದರೆ ಒಮ್ಮೆ ಆಡಿಸಿ, ಇಲ್ಲದಿದ್ದರೆ ಹುಡುಕಬೇಡಿ. ಮಕ್ಕಳು ಹಗ್ಗಕ್ಕೆ ಜೋತುಬೀಳದಂತೆ ನೋಡಿಕೊಳ್ಳಿ, ಹಳೆಯ ಗುಡಿಗಳಲ್ಲಿ ಗಂಟೆಯೇ ಕಳಚಿ ಬಿದ್ದೀತು.

ನಂತರ ಎರಡು ಸಲ ಬಾಗುವುದು, ಎರಡು ಚಪ್ಪಾಳೆ, ಕೊನೆಗೆ ಒಂದು ಸಲ ಬಾಗುವುದು. ಬಾಗುವುದೆಂದರೆ ತಲೆಯಾಡಿಸುವುದಲ್ಲ, ಬೆನ್ನು ನೆಲಕ್ಕೆ ಸಮಾನಾಂತರವಾಗುವಷ್ಟು ಬಾಗಬೇಕು. ಚಪ್ಪಾಳೆಗೆ ಮುನ್ನ ಅಂಗೈಗಳನ್ನು ಎದೆಯ ಮುಂದೆ ಜೋಡಿಸಿ, ಬಲಗೈಯನ್ನು ತುಸು ಕೆಳಕ್ಕೆ ಜಾರಿಸಿ, ಭುಜದಷ್ಟು ಅಗಲಿಸಿ ತಟ್ಟಿ. ಎರಡನೆಯ ಚಪ್ಪಾಳೆಯ ಬಳಿಕ ಬೆರಳುಗಳನ್ನು ಸರಿಯಾಗಿ ಜೋಡಿಸಿ ಕೈಮುಗಿದು ನಿಲ್ಲಿ. ಪ್ರಾರ್ಥನೆಯ ಹೊತ್ತು ಇದು. ಮೊದಲು ಮನಸ್ಸಿನಲ್ಲೇ ನಿಮ್ಮ ಹೆಸರು, ಊರು ಹೇಳಿಕೊಂಡು ಕೃತಜ್ಞತೆ ಸಲ್ಲಿಸಿ, ಆಮೇಲೆ ಕೋರಿಕೆ. ಕೇಳಿದ ಮೇಲೆ ಕೊನೆಯ ನಮಸ್ಕಾರ ಮಾಡಿ ಬದಿಗೆ ಸರಿಯಿರಿ. ಈ ಲೆಕ್ಕ ಎಲ್ಲೆಡೆ ಒಂದೇ ಅಲ್ಲ. ಇಜುಮೊ ತೈಶಾ, ಉಸಾ ಜಿಂಗು ಮುಂತಾದ ಗುಡಿಗಳಲ್ಲಿ ನಾಲ್ಕು ಚಪ್ಪಾಳೆ. ಸ್ಥಳದಲ್ಲಿ ಫಲಕವಿದ್ದರೆ ಅದೇ ಕೊನೆಯ ಮಾತು.

ಸಾಷ್ಟಾಂಗ ನಮಸ್ಕಾರ, ಗುಡಿಯ ಸುತ್ತ ಪ್ರದಕ್ಷಿಣೆ, ಜೋರಾಗಿ ಮಂತ್ರ ಹೇಳುವುದು ಬೇಡ. ಗುಡಿಯ ಹಿಂಭಾಗಕ್ಕೆ ಹೋಗುವುದನ್ನು ಅತಿಕ್ರಮಣವೆಂದೇ ಭಾವಿಸುತ್ತಾರೆ. ಬಾಗಿಲಿನ ಜಾಲರಿಯಲ್ಲಿ ಇಣುಕಿ ‘ಮೂರ್ತಿ ಎಲ್ಲಿದೆ’ ಎಂದು ಹುಡುಕುವುದೂ ಬೇಡ. ಒಳಗಿನದು ದರ್ಶನಕ್ಕಾಗಿ ಇಟ್ಟದ್ದಲ್ಲ, ಅರ್ಚಕರೂ ಅದನ್ನು ನೋಡುವುದಿಲ್ಲ ಎಂಬ ಗುಡಿಗಳಿವೆ. ಪ್ರಸಾದ ಸಿಗಲಿಲ್ಲವೆಂದು ಬೇಸರಿಸಬೇಡಿ, ಸಾಮಾನ್ಯ ದರ್ಶನಕ್ಕೆ ಕೊಡುವ ರೂಢಿಯಿಲ್ಲ.

## 8. ಈಗ ತಾಯಿತ, ಮುದ್ರೆ, ಫೋಟೊ

ಓಸಾತ್ಸುವಿನ ತಾಯಿತದ ಮೇಲೆ ಎರಡು ಗುರುತುಗಳಿವೆ. ಒಂದು ಐದು ಮೂಲೆಯ ನಕ್ಷತ್ರ, ಇನ್ನೊಂದು ಅಡ್ಡ ಐದು, ಉದ್ದ ನಾಲ್ಕು ಗೆರೆಗಳ ಜಾಲರಿ. ಅಮಾ ಹೆಂಗಸರು ತಲೆಗೆ ಕಟ್ಟುವ ಬಿಳಿ ಬಟ್ಟೆಯ ಮೇಲೆ ನೇರಳೆ ದಾರದಿಂದ ಇವನ್ನೇ ಹೊಲಿದುಕೊಳ್ಳುತ್ತಾರೆ. ನಕ್ಷತ್ರವನ್ನು ಕೈಯೆತ್ತದೆ ಒಂದೇ ಗೆರೆಯಲ್ಲಿ ಬರೆದರೆ ಗೆರೆ ಹೊರಟಲ್ಲಿಗೇ ಮರಳುತ್ತದೆ, ಮುಳುಗಿದವಳೂ ಹಾಗೆಯೇ ಮೇಲೆ ಬರಲಿ ಎಂಬ ಹಾರೈಕೆ ಅದರಲ್ಲಿದೆ. ಜಾಲರಿಯ ಕಣ್ಣುಗಳು ಕಾವಲು ಕಾಯುತ್ತವೆ, ಕೆಡುಕು ಒಳನುಗ್ಗುವುದಿಲ್ಲ. ಪ್ರತಿದಿನ ಉಸಿರನ್ನು ಪಣವಿಟ್ಟು ದುಡಿಯುವವರ ನಂಬಿಕೆ ಇದು. ಅಲಂಕಾರದ ವಸ್ತುವೆಂದು ಹತ್ತಾರು ಕೊಂಡು ಹಂಚುವ ಬದಲು ಬೇಕಾದವರಿಗೆ ಮಾತ್ರ ತನ್ನಿ.

ಕೈಮುಗಿದ ನೆನಪಿಗೆ ಶಾಯಿಯ ಬರಹವುಳ್ಳ ಮುದ್ರೆ ಹಾಕಿಸಿಕೊಳ್ಳುವ ಪದ್ಧತಿಯಿದೆ, ಕಾಣಿಕೆ ಸಾಮಾನ್ಯವಾಗಿ 300ರಿಂದ 500 ಯೆನ್. ಅದಕ್ಕೆಂದೇ ಇರುವ ಮಡಿಕೆ ಪುಸ್ತಕ ಬೇಕು, ಕಚೇರಿಯ ನೋಟ್‌ಬುಕ್ ಚಾಚಬೇಡಿ. ಜನವಿಲ್ಲದ ಗುಡಿಗಳಲ್ಲಿ ಮೊದಲೇ ಬರೆದ ಹಾಳೆಗಳನ್ನು ಇಟ್ಟಿರುತ್ತಾರೆ, ಹಣವನ್ನು ಪಕ್ಕದ ಪೆಟ್ಟಿಗೆಗೆ ಹಾಕಿ ಒಂದನ್ನು ತೆಗೆದುಕೊಳ್ಳಿ. ಏನೂ ಇಲ್ಲದಿದ್ದರೆ ಅಕ್ಕಪಕ್ಕದ ಮನೆ ಬಾಗಿಲು ಬಡಿಯಬೇಡಿ.

ಫೋಟೊ ಕೊನೆಗೆ. ಬದಿಯಲ್ಲಿ ನಿಂತು, ಬೇರೆಯವರು ಕೈಮುಗಿಯುತ್ತಿರದ ಹೊತ್ತು ನೋಡಿ, ಹೊರಗಿನಿಂದ ತೆಗೆಯಿರಿ. ಸನ್ನಿಧಿಯೊಳಗೆ ಕ್ಯಾಮೆರಾ ತೂರಿಸಬೇಡಿ.

## ನಿಲ್ಲಲೇಬೇಕಾದ ಸೂಚನೆಗಳು

ಹಗ್ಗಕ್ಕೆ ಅಂಕುಡೊಂಕಾಗಿ ಮಡಿಸಿದ ಬಿಳಿ ಕಾಗದ ಕಟ್ಟಿ ದಾರಿಗೆ ಅಡ್ಡ ಹಾಕಿದ್ದರೆ ಅದರಾಚೆ ಹೋಗುವಂತಿಲ್ಲ. ಬಿಳಿ ಅಥವಾ ಬಣ್ಣದ ನಿಲುವಂಗಿಯ ಅರ್ಚಕರು ಪೂಜೆಯಲ್ಲಿದ್ದರೆ ದೂರ ನಿಂತು ಕಾಯಿರಿ. ಯಾವುದಾದರೂ ಮನೆಗೆ ಕಪ್ಪು-ಬಿಳಿ ಪಟ್ಟೆಯ ಪರದೆ ಕಟ್ಟಿದ್ದರೆ ಅಲ್ಲಿ ಸಾವಾಗಿದೆ, ಕ್ಯಾಮೆರಾ ಚೀಲಕ್ಕೆ ಹಾಕಿ ಸದ್ದಿಲ್ಲದೆ ದಾಟಿ. ಪಾಚಿ ಕಟ್ಟಿದ ಕಲ್ಲಿನ ಮೆಟ್ಟಿಲು ಮಳೆಯಲ್ಲಿ ಬಹಳ ಜಾರುತ್ತದೆ, ಇಳಿಯುವಾಗ ಹಿಡಿಕೆ ಬಿಡಬೇಡಿ. ಬಂಡೆಯ ಮೇಲಿನ ಟೋರಿಗೆ ಹೋಗುವ ಗುಡಿಗಳಲ್ಲಿ ಅಂದಿನ ಉಬ್ಬರವಿಳಿತದ ಸಮಯ ನೋಡದೆ ಕಾಲಿಡಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಭೂಕಂಪ. ಈ ಕರಾವಳಿ ದೊಡ್ಡ ಭೂಕಂಪಗಳು ಹುಟ್ಟುವ ನಂಕಾಯ್ ಎಂಬ ಸಮುದ್ರತಳದ ಕಂದಕದ ಎದುರಿಗಿದೆ. 1944ರ ಡಿಸೆಂಬರ್ 7ರ ಭೂಕಂಪದಲ್ಲಿ ಮಿಯೆ ಕರಾವಳಿಗೆ ಸುನಾಮಿ ಅಪ್ಪಳಿಸಿತ್ತು. ನೆಲ ಜೋರಾಗಿ ನಡುಗಿದರೆ, ಅಥವಾ ಮೆಲ್ಲಗಾದರೂ ಬಹಳ ಹೊತ್ತು ನಡುಗಿದರೆ, ಸೈರನ್‌ಗೆ ಕಾಯದೆ ಎತ್ತರಕ್ಕೆ ನಡೆಯಿರಿ. ಕಾರು, ಚೀಲ, ಹಿಂದಿರುಗುವ ಬಸ್ಸು ಎಲ್ಲವನ್ನೂ ಮರೆಯಿರಿ. ನೀರು ಹಿಂದೆ ಸರಿಯಿತೇ ಎಂದು ನೋಡಲು ದಡಕ್ಕೆ ಹೋಗಬೇಡಿ, ಸರಿಯದೆಯೂ ಅಲೆ ಬರಬಹುದು. ಮೊದಲ ಅಲೆ ಇಳಿದ ಮೇಲೆ ಇನ್ನೂ ದೊಡ್ಡದು ಬರಬಹುದಾದ್ದರಿಂದ ಎಚ್ಚರಿಕೆ ಹಿಂತೆಗೆಯುವ ತನಕ ಕೆಳಗಿಳಿಯಬೇಡಿ. ಊರು ಹೊಕ್ಕಾಗಲೇ ಹಸಿರು ಬಣ್ಣದ, ಅಲೆಯಿಂದ ಓಡುವ ಮನುಷ್ಯನ ಚಿತ್ರವಿರುವ ಫಲಕಗಳನ್ನೂ ಅವು ತೋರಿಸುವ ದಾರಿಯನ್ನೂ ಕಣ್ಣಲ್ಲಿ ಗುರುತಿಸಿಟ್ಟುಕೊಳ್ಳಿ. ಸೇಫ್ಟಿ ಟಿಪ್ಸ್ ಆ್ಯಪ್ ಹಾಕಿಕೊಂಡರೆ ಎಚ್ಚರಿಕೆಗಳು ಇಂಗ್ಲಿಷಿನಲ್ಲಿ ಬರುತ್ತವೆ.

## 9. ಹಿಂದಿರುಗುವುದು

ಹೊರಬರುವಾಗ ಟೋರಿ ದಾಟಿ, ತಿರುಗಿ ನಿಂತು, ಗುಡಿಯ ಕಡೆಗೆ ಮತ್ತೊಮ್ಮೆ ಬಾಗಿ. ಬಸ್ಸಿಗೆ ಹೊತ್ತಿದ್ದರೆ ಹತ್ತಿರದಲ್ಲೇ ಅಮಾ ಸಂಸ್ಕೃತಿಯ ಚಿಕ್ಕ ವಸ್ತುಸಂಗ್ರಹಾಲಯವಿದೆ, ಅಲ್ಲಿನ ಉಪಕರಣಗಳನ್ನು ನೋಡಿ. ಜುಲೈ ತಿಂಗಳಲ್ಲಿ ಬಂದವರು ಟೋಬಾದಿಂದ ದೋಣಿ ಹಿಡಿದು ಸುಗಾಶಿಮಾ ದ್ವೀಪದ ಶಿರೊಂಗೊ ಹಬ್ಬಕ್ಕೂ ಹೋಗಬಹುದು. ಅಮಾ ಹೆಂಗಸರು ಗಂಡು-ಹೆಣ್ಣು ಅವಾಬಿಯ ಮೊದಲ ಜೋಡಿಗಾಗಿ ಪೈಪೋಟಿಯಿಂದ ಮುಳುಗಿ, ಅದನ್ನು ಶಿರಾಹಿಗೆ ಗುಡಿಗೆ ಅರ್ಪಿಸುತ್ತಾರೆ. ಹಬ್ಬದ ದಿನಾಂಕ ಪ್ರತಿವರ್ಷ ಬದಲಾಗುತ್ತದೆ, ಮೊದಲೇ ವಿಚಾರಿಸಿ.

ಮನೆಗೆ ತಂದ ತಾಯಿತದ ಚೀಲವನ್ನು ಬಿಚ್ಚಿ ಒಳಗೇನಿದೆ ಎಂದು ನೋಡಬಾರದು. ಸುಮಾರು ಒಂದು ವರ್ಷದ ನಂತರ ಅದನ್ನು ಕೊಟ್ಟ ಗುಡಿಗೇ ಮರಳಿಸುವುದು ಪದ್ಧತಿ, ಅಲ್ಲಿ ಶಾಸ್ತ್ರೋಕ್ತವಾಗಿ ಸುಡುತ್ತಾರೆ. ಭಾರತಕ್ಕೆ ಮರಳಿದವರು ಜಪಾನಿನಲ್ಲಿರುವ ಗೆಳೆಯರ ಕೈಗೆ ಕೊಟ್ಟು ಕಳುಹಿಸಬಹುದು. ಅಂಚೆಯಲ್ಲಿ ಸ್ವೀಕರಿಸುವ ಗುಡಿಗಳೂ ಇವೆ, ಕೇಳಿ ಕಳುಹಿಸಿ. ಅಲ್ಲಿಯ ತನಕ ಅದನ್ನು ಕೀಲಿಗೊಂಚಲಿನ ಜೊತೆ ನೆಲಕ್ಕೆ ತಾಗುವಂತೆ ನೇತುಹಾಕದೆ, ಕೈಚೀಲದ ಒಳಜೇಬಿನಲ್ಲಿ ಅಥವಾ ದೇವರ ಕೋಣೆಯ ಶುಚಿಯಾದ ಗೂಡಿನಲ್ಲಿ ಇಟ್ಟುಕೊಳ್ಳಿ.